ಹಳೆ ಬಿಎಂಎಕ್ಸ್ ಫೋರ್ಕ್ ಓಡಿಸಬಹುದಾ, ಗೋಡೆಗೆ ನೇತು ಹಾಕಬೇಕಾ? ಕರಾವಳಿಯವರು ಹೇಳಿ

ಕೋಡಿಬಾಗ_ಸವಾರ, ಕಾರವಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಗುಜರಿ ಅಂಗಡಿಯಲ್ಲಿ ಒಂದು ಹಳೆ ಬಿಎಂಎಕ್ಸ್ (ಮಣ್ಣಿನ ರೇಸು, ಹಾರಾಟದ ಸಣ್ಣ ಸೈಕಲ್) ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಕವೆ, ಸಿಕ್ಕಿದೆ. ತೂಕದ ಲೆಕ್ಕದಲ್ಲೇ ಕೊಟ್ಟರು. 20 ಇಂಚಿನ ಚಕ್ರದ್ದು. ಪೂರ್ತಿ ಕ್ರೋಮ್, ಒರೆಸಿದರೆ ಮುಖ ಕಾಣುವಷ್ಟು ಹೊಳಪು. ಕಾಲುಗಳ ಮೇಲೆ ಅಲ್ಲಲ್ಲಿ ಸಣ್ಣ ತುಕ್ಕಿನ ಚುಕ್ಕೆ ಇದೆ, ಅಷ್ಟೇ. ಮೇಲಿನ ಕೊಳವೆಗೆ, ಅಂದರೆ ಸ್ಟೀರರ್‌ಗೆ, ಹೊರಗಡೆ ಥ್ರೆಡ್ ಇದೆ. ಅದರ ಮೇಲೆ ಟ್ಯಾಂಗೆ ಅಂತ ಅಚ್ಚು ಒತ್ತಿದ್ದಾರೆ. ಡ್ರಾಪೌಟ್, ಅಂದರೆ ಚಕ್ರದ ಆಕ್ಸೆಲ್ ಕೂರುವ ತುದಿ, ಸಣ್ಣ ಆಕ್ಸೆಲ್‌ಗೆ ಹೊಂದುವಂಥದ್ದು.

ನನ್ನ ತಂಗಿಯ ಮಗನಿಗೆ 14 ವರ್ಷ. ಇಳಿತದ ಹೊತ್ತಿಗೆ ಕಡಲ ದಂಡೆಯ ಗಟ್ಟಿ ಮರಳಿನ ಮೇಲೆ ಓಡಿಸುತ್ತಾನೆ, ಮನೆ ಹಿಂದೆ ಕೆಂಪು ಮಣ್ಣಿನ ದಿಬ್ಬ ಮಾಡಿಕೊಂಡು ಹಾರಿಸುತ್ತಾನೆ. ಅವನ ಸೈಕಲ್ಲಿಗೆ ಇದನ್ನು ಹಾಕೋಣ ಅಂತ ಆಸೆ. ಇದು ಯಾವ ಕಾಲದ್ದು? ಈಗಿನದಕ್ಕಿಂತ ಹಳೆಯದೇ ಗಟ್ಟಿ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ನಿಜವಾ? ಮತ್ತೆ ಕ್ರೋಮ್ ಮಾಡಿಸಿದರೆ ಒಳ್ಳೆಯದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ವೆಲ್ಡರ್_ಅಂಕೋಲಾ

ಮೊದಲು ಆ ಹೊಳಪನ್ನು ಮರೆತುಬಿಡಿ. ಫೋರ್ಕನ್ನು ತಲೆಕೆಳಗು ಮಾಡಿ, ಕ್ರೌನ್ (ಕಾಲುಗಳೂ ಸ್ಟೀರರೂ ಕೂಡುವ ಜಾಗ) ಅಡಿಯ ತೂತಿನಿಂದ ಸ್ಟೀರರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕ್ರೋಮ್ ಚೆನ್ನಾಗಿ ಕೂರುವುದು ಹೊರಗೆ ಮಾತ್ರ. ಕೊಳವೆಯ ಒಳಗೆ ಬಹುಮಟ್ಟಿಗೆ ಬರಿ ಉಕ್ಕು. ನಮ್ಮ ಕಡೆ ಫೋರ್ಕ್ ಹಾಳಾಗುವುದು ಒಳಗಿನಿಂದ.

ನಾನು ಬೋಟುಗಳ ವೆಲ್ಡಿಂಗ್ ಕೆಲಸ ಮಾಡುವವನು, ಉಪ್ಪು ಏನು ಮಾಡುತ್ತದೆ ಅಂತ ದಿನಾ ನೋಡುತ್ತೇನೆ. ಕಡಲ ಉಪ್ಪು ಅಂದರೆ ಅಡುಗೆ ಉಪ್ಪು ಒಂದೇ ಅಲ್ಲ. ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75ರ ಹತ್ತಿರ ಬಂದ ಮೇಲೆ ನೀರು ಹೀರಿ ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇಕಡಾ 33 ಸಾಕು. ಕಾರವಾರದಲ್ಲಿ ಗಾಳಿ ಅಷ್ಟು ಒಣಗಿರುವ ದಿನ ಯಾವುದು ಹೇಳಿ? ಅಂದರೆ ಒಮ್ಮೆ ಒಳಗೆ ಸೇರಿದ ಉಪ್ಪು ಮಳೆಗಾಲ, ಬೇಸಿಗೆ ಎನ್ನದೆ ಹಸಿಯಾಗಿಯೇ ಇರುತ್ತದೆ. ನೀವು ಹೊರಗಿನಿಂದ ನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟರೂ ಒಳಗಿನ ಕೆಲಸ ನಿಲ್ಲುವುದಿಲ್ಲ.

ಕಾಲುಗಳಲ್ಲಿ ಸಣ್ಣ ತೂತು ಇರುತ್ತದೆ, ಹುಡುಕಿ ನೋಡಿ. ಬೆಸೆಯುವಾಗ ಒಳಗಿನ ಬಿಸಿ ಗಾಳಿ ಹೊರಗೆ ಹೋಗಲಿ ಅಂತ ಬಿಡುವ ತೂತು ಅದು. ದಂಡೆಯಲ್ಲಿ ಓಡಿಸಿದರೆ ಉಪ್ಪುನೀರು ಒಳಗೆ ಹೋಗುವುದೂ ಅದೇ ದಾರಿಯಲ್ಲಿ.

ಇನ್ನೊಂದು ಮಾತು. ಉಕ್ಕಿಗೆ ಒಂದು ಒಳ್ಳೆಯ ಗುಣ ಇದೆ. ಒಂದು ಮಿತಿಯ ಕೆಳಗಿನ ಹೊರೆಯನ್ನು ಎಷ್ಟು ಸಲ ಕೊಟ್ಟರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಹಳೆ ಉಕ್ಕು ಗಟ್ಟಿ ಅನ್ನುವ ಮಾತು ಬಂದದ್ದು ಇದರಿಂದಲೇ. ಆದರೆ ಉಪ್ಪು ಮತ್ತು ತುಕ್ಕು ಜತೆ ಸೇರಿದರೆ ಉಕ್ಕಿನ ಆ ಮಿತಿಯೂ ಹೋಗುತ್ತದೆ. ತುಕ್ಕು ತಿಂದ ಗುಳಿಯ ತಳದಲ್ಲಿ ಬಿರುಕು ಹುಟ್ಟುತ್ತದೆ, ಪ್ರತಿ ಹಾರಿಕೆಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಹೊರಗೆ ಕ್ರೋಮ್ ಹೊಳೆಯುತ್ತಲೇ ಇರುತ್ತದೆ. ಹುಡುಗ ಹಾರಿಸುತ್ತಾನೆ ಅಂದಿರಿ. ನೋಡದೆ ಹಾಕಬೇಡಿ.

ಘಟ್ಟದ_ಮೇಲಿನವ, ಶಿರಸಿ

ಟ್ಯಾಂಗೆ ಅಚ್ಚು ಇದ್ದರೆ ಒಳ್ಳೆಯ ವಸ್ತು. ಜಪಾನಿನ ಕಂಪನಿ. 1980ರ ದಶಕದಲ್ಲಿ ಬೇರೆ ಬೇರೆ ಹೆಸರಿನ ಎಷ್ಟೋ ಬಿಎಂಎಕ್ಸ್ ಸೈಕಲ್ಲುಗಳಿಗೆ ಫೋರ್ಕ್ ಮಾಡಿ ಕೊಟ್ಟವರು ಅವರೇ. ಹಾಗಾಗಿ ಅಚ್ಚು ನೋಡಿ ಸೈಕಲ್ ಯಾವುದು ಅಂತ ಹೇಳಲು ಬರುವುದಿಲ್ಲ. ಫೋರ್ಕ್ ಯಾರದ್ದು ಅಂತ ಮಾತ್ರ ಹೇಳಬಹುದು.

ಕಾಲ ಗೊತ್ತು ಮಾಡಲು ಸ್ಟೀರರ್ ಅಳೆಯಿರಿ. ಹೊರ ವ್ಯಾಸ 25.4 ಮಿಲಿಮೀಟರ್, ಇಂಚಿಗೆ 24 ಥ್ರೆಡ್ ಇದ್ದರೆ ಅದು ಒಂದು ಇಂಚಿನ ಹಳೆ ಮಾದರಿ. 28.6 ಮಿಲಿಮೀಟರ್, ಇಂಚಿಗೆ 26 ಥ್ರೆಡ್ ಇದ್ದರೆ ಸ್ವಲ್ಪ ಈಚಿನದು, 1980ರ ದಶಕದ ಕೊನೆ ಅಥವಾ 90ರ ದಶಕದ ಕಡೆಯದು. ಹೊರಗೆ ಥ್ರೆಡ್ಡೇ ಇಲ್ಲದೆ ನುಣುಪಾಗಿದ್ದರೆ ಅದು ಇನ್ನೂ ಈಚಿನದು. ಥ್ರೆಡ್ ಇಲ್ಲದ ಹೆಡ್‌ಸೆಟ್ಟನ್ನು, ಅಂದರೆ ಸ್ಟೀರರ್ ತಿರುಗುವ ಬೇರಿಂಗ್ ಜೋಡಣೆಯನ್ನು, ಡಯಾಕಾಂಪೆ ಕಂಪನಿ ಮಾರುಕಟ್ಟೆಗೆ ತಂದದ್ದು 1990ರ ಸುಮಾರಿಗೆ. ಬಿಎಂಎಕ್ಸ್‌ನಲ್ಲಿ ಅದು ಮನೆಮಾತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಈ ಆಟ ಹುಟ್ಟಿದ್ದು 1970ರ ದಶಕದ ಮೊದಲ ವರ್ಷಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೋಟಾರ್‌ಸೈಕಲ್ ರೇಸ್ ನೋಡಿದ ಮಕ್ಕಳು ಶ್ವಿನ್ ಸ್ಟಿಂಗ್‌ರೇಯಂಥ ಸೈಕಲ್ಲಿನಲ್ಲಿ ಅದನ್ನೇ ಮಾಡಲು ಹೊರಟರು. ಸ್ಟಿಂಗ್‌ರೇ ಬಂದದ್ದು 1963ರಲ್ಲಿ, ಬೀದಿಯಲ್ಲಿ ಸುತ್ತಾಡಲು ಮಾಡಿದ ಸೈಕಲ್ ಅದು. ಹಾರಿಸಿದರೆ ಫೋರ್ಕ್ ಬಾಗದೆ ಇರುತ್ತದಾ? ಆಗ ರೆಡ್‌ಲೈನ್ ಕಂಪನಿಯ ಲಿನ್ ಕಾಸ್ಟನ್ ಅವರಂಥವರು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಕೊಳವೆಯಿಂದ ಫೋರ್ಕ್ ಮಾಡಲು ಶುರು ಮಾಡಿದರು. ಬಿಎಂಎಕ್ಸ್ ಬಿಡಿಭಾಗಗಳ ಚರಿತ್ರೆಯಲ್ಲಿ ಫ್ರೇಮಿಗಿಂತ ಫೋರ್ಕಿನ ಕಥೆಯೇ ದೊಡ್ಡದು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಪೆಟ್ಟು ಮೊದಲು ಬೀಳುವುದು ಅದಕ್ಕೇ ಅಲ್ವಾ?

ಗೋಡೆಗೆ ನೇತು ಹಾಕಲು ನಿಮಗೆ ಮನಸ್ಸಿಲ್ಲದಿದ್ದರೆ ನನಗೆ ಕೊಡಿ, ಸಂತೋಷದಿಂದ ತೆಗೆದುಕೊಳ್ಳುತ್ತೇನೆ.

ಇಪ್ಪತ್ತಿಂಚು_ಭಟ್ಕಳ

ನಮ್ಮ ಊರಲ್ಲಿ ಇಂಥ ಫೋರ್ಕ್ ಇನ್ನೂ ಕೆಲವು ಮನೆಗಳ ಅಟ್ಟದಲ್ಲಿ ಇವೆ. 80ರ ದಶಕದಲ್ಲಿ ದುಬೈಗೆ ಹೋದವರು ಮಕ್ಕಳಿಗೆ ಅಂತ ಸೈಕಲ್ ತರುತ್ತಿದ್ದರು. ನಮ್ಮ ಮಾಮ ತಂದದ್ದೂ ಹಾಗೆಯೇ, ಬಿಳಿ ನೈಲಾನ್ ಚಕ್ರದ ಸೈಕಲ್. ಇಲ್ಲಿ ಸಿಗುತ್ತಿದ್ದ ಬಿಎಸ್‌ಎ ಚಾಂಪ್ ಓಡಿಸುತ್ತಿದ್ದ ನಮಗೆ ಅದು ಬೇರೆ ಲೋಕದ ವಸ್ತು.

ಅದರ ಫೋರ್ಕ್ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿಯ ಹೆಸರು ಬೇಡ, ವರ್ಷಗಟ್ಟಲೆ ಕಡಲ ಗಾಳಿಗೆ ಇದ್ದ ಸೈಕಲ್ಲಿಗೆ ಯಾರನ್ನು ದೂರುವುದು. ಅಣ್ಣ ಸಣ್ಣ ಕಟ್ಟೆಯಿಂದ ಇಳಿಸಿದ, ಅಷ್ಟೇ. ಕ್ರೌನಿನ ಮೇಲೆ, ಕೆಳಗಿನ ಗುಂಡುಗಳು ಕೂರುವ ಜಾಗದಲ್ಲೇ ಸ್ಟೀರರ್ ತುಂಡಾಯಿತು. ಹ್ಯಾಂಡಲ್ ಕೈಯಲ್ಲೇ ಉಳಿಯಿತು, ಚಕ್ರ ಬೇರೆ ಕಡೆ ಹೋಯಿತು. ಮುಂದಿನ ಎರಡು ಹಲ್ಲು ಹೋದವು, ಗಲ್ಲಕ್ಕೆ ಹೊಲಿಗೆ ಬಿತ್ತು.

ಮುರಿದ ಜಾಗ ನೋಡಿದರೆ ಮುಕ್ಕಾಲು ಭಾಗ ಕಂದು ಬಣ್ಣ, ಹಳೆಯ ತುಕ್ಕು. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಅದು ಎಷ್ಟೋ ದಿನದಿಂದ ಆ ಕಾಲು ಭಾಗದ ಮೇಲೆ ನಿಂತಿತ್ತು. ವೆಲ್ಡರ್ ಅಣ್ಣ ಹೇಳಿದ್ದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಕುಮಟೆ_ಮೆಕ್ಯಾನಿಕಲ್

ಅಲ್ಲೇ ಯಾಕೆ ಮುರಿಯುತ್ತದೆ ಅಂತ ಹೇಳುತ್ತೇನೆ. ಚಕ್ರಕ್ಕೆ ಬಿದ್ದ ಪೆಟ್ಟು ಫೋರ್ಕನ್ನು ಬಾಗಿಸಲು ನೋಡುತ್ತದೆ. ಆ ಬಾಗುವ ಒತ್ತಡ ಆಕ್ಸೆಲ್ ಹತ್ತಿರ ಕಡಿಮೆ, ಮೇಲೆ ಹೋದಂತೆ ಜಾಸ್ತಿ, ಕ್ರೌನ್ ಮತ್ತು ಕೆಳಗಿನ ಬೇರಿಂಗ್ ಇರುವಲ್ಲಿ ಎಲ್ಲಕ್ಕಿಂತ ಜಾಸ್ತಿ. ಅದರ ಮೇಲೆ ಮತ್ತೆ ಇಳಿಯುತ್ತದೆ. ಹಾರಿ ನೇರ ನೆಲಕ್ಕೆ ಇಳಿದರೆ ಫೋರ್ಕ್ ಮುಂದಕ್ಕೆ ಬಾಗಲು ನೋಡುತ್ತದೆ. ಕಟ್ಟೆಗೆ ಎದುರಿನಿಂದ ಗುದ್ದಿದರೆ ಹಿಂದಕ್ಕೆ. ತಂತಿಯನ್ನು ಆಚೆ ಈಚೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಸಣ್ಣ ಪ್ರಮಾಣದಲ್ಲಿ ಅದೇ ಇಲ್ಲಿ ನಡೆಯುತ್ತಿರುತ್ತದೆ. ಆದ್ದರಿಂದ ಸ್ಟೀರರಿನ ಮುಂಭಾಗ, ಹಿಂಭಾಗ ಎರಡೂ ನೋಡಬೇಕು.

ಒಂದು ಇಂಚಿನಿಂದ 28.6 ಮಿಲಿಮೀಟರಿಗೆ ಹೋದದ್ದು ಸಣ್ಣ ಬದಲಾವಣೆ ಅನಿಸಬಹುದು. ಕೊಳವೆಯ ಗೋಡೆ ಅಷ್ಟೇ ದಪ್ಪ ಇಟ್ಟುಕೊಂಡರೂ ಬಾಗುವಿಕೆಯನ್ನು ತಡೆಯುವ ಶಕ್ತಿ ಸುಮಾರು ಕಾಲು ಭಾಗ ಜಾಸ್ತಿಯಾಗುತ್ತದೆ. ಅದರ ಮೇಲೆ, ಈಗಿನ ಒಳ್ಳೆಯ ಫೋರ್ಕುಗಳಲ್ಲಿ ಸ್ಟೀರರ್ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕೆಳಗೆ ದಪ್ಪ, ಮೇಲೆ ತೆಳು. ಬೇರಿಂಗ್ ಕೂರುವ 45 ಡಿಗ್ರಿ ಇಳಿಜಾರನ್ನೂ ಸ್ಟೀರರಿನ ಜತೆಗೇ ಒಂದೇ ತುಂಡಿನಲ್ಲಿ ಕಡೆದು ಮಾಡುತ್ತಾರೆ. ಹಳೆಯದರಲ್ಲಿ ಕ್ರೌನ್ ಬಳೆ ಬೇರೆ, ಅದನ್ನು ಬಡಿದು ಕೂರಿಸಬೇಕು. ಆ ಬಳೆಯ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿದರೆ ಹೊರಗಿನಿಂದ ಕಾಣುವುದೇ ಇಲ್ಲ.

ಹಾಗಾಗಿ "ಹಳೆಯದೇ ಗಟ್ಟಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 4130 ಕ್ರೋಮೋಲಿ ಆಗಲೂ ಅದೇ, ಈಗಲೂ ಅದೇ. ಸುಮಾರು ಶೇಕಡಾ 0.3 ಕಾರ್ಬನ್, ಶೇಕಡಾ 1ರ ಆಸುಪಾಸು ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ. ಬದಲಾದದ್ದು ಕೊಳವೆಯ ಆಕಾರ, ಬೆಸುಗೆ ಆದ ಮೇಲೆ ಇಡೀ ಫೋರ್ಕನ್ನು ಕಾಯಿಸಿ ತಣಿಸುವ ಕ್ರಮ. ಒಡಿಸ್ಸಿ ಅನ್ನುವ ಬಿಎಂಎಕ್ಸ್ ಕಂಪನಿಯವರು ತಮ್ಮ ಆ ಕ್ರಮಕ್ಕೆ 41 ಥರ್ಮಲ್ ಅಂತ ಹೆಸರನ್ನೇ ಇಟ್ಟಿದ್ದಾರೆ. ಅದರಿಂದಾಗಿ ಒಂದು ಕಿಲೋಗೂ ಕಡಿಮೆ ತೂಗುವ ಫೋರ್ಕ್ ಇವತ್ತು ಬೀದಿ ಆಟದ ಪೆಟ್ಟು ತಡೆಯುತ್ತದೆ. ಯುರೋಪಿನಲ್ಲಿ ಬಿಎಂಎಕ್ಸ್‌ಗೆಂದೇ ಇಎನ್ 16054 ಅನ್ನುವ ಮಾನದಂಡ ಬಂದಿದೆ. ಸವಾರನ ತೂಕ 45 ಕಿಲೋ ಒಳಗಾ, ಮೇಲಾ ಅಂತ ಎರಡು ಭಾಗ ಮಾಡಿ ಪರೀಕ್ಷೆ ಮಾಡುತ್ತಾರೆ.

ಘಟ್ಟದ_ಮೇಲಿನವ, ಶಿರಸಿ

ಅಪ್ಪಿ, ಅಷ್ಟು ಸುಲಭವಾಗಿ ಹಳೆಯದನ್ನು ತಳ್ಳಿಹಾಕಬೇಡ. ಎಸ್ ಅಂಡ್ ಎಂ ಕಂಪನಿಯ ಪಿಚ್‌ಫೋರ್ಕ್ ನೋಡು. 90ರ ದಶಕದಲ್ಲಿ ಹುಡುಗರು ಮೆಟ್ಟಿಲು, ಕಟ್ಟೆ, ಕಂಬಿ ಅಂತ ಎಲ್ಲದರ ಮೇಲೂ ಜಾರಿಸಲು ಶುರು ಮಾಡಿದಾಗ ಬೇರೆ ಫೋರ್ಕುಗಳು ಬಾಗುತ್ತಿದ್ದವು, ಇದು ತಡೆಯಿತು ಅಂತಲೇ ಅದಕ್ಕೆ ಹೆಸರು ಬಂದದ್ದು. ಭಾರ ಇತ್ತು, ನಿಜ. ಆ ಹೆಸರಿನ ಫೋರ್ಕನ್ನು ಈಗಲೂ ಮಾಡುತ್ತಿದ್ದಾರೆ.

ಕುಮಟೆ_ಮೆಕ್ಯಾನಿಕಲ್

ಅಣ್ಣ, ಅದು ಒಪ್ಪುವ ಮಾತೇ. ಆದರೆ ಪಿಚ್‌ಫೋರ್ಕ್ ಬೀದಿ ಆಟಕ್ಕೆಂದೇ ದಪ್ಪ ಕಾಲು ಇಟ್ಟು ಮಾಡಿದ್ದು. ಇವರಿಗೆ ಸಿಕ್ಕಿದ್ದು ಮೊದಲ ಕಾಲದ ರೇಸಿನ ಫೋರ್ಕಿನ ಜಾತಿ. ರೇಸಿನವನು ಮಣ್ಣಿನ ಇಳಿಜಾರಿನಲ್ಲಿ ಇಳಿಯುತ್ತಾನೆ, ಪೆಟ್ಟು ಕಡಿಮೆ. ಸಿಮೆಂಟಿನ ಸಪಾಟು ನೆಲಕ್ಕೆ ಇಳಿಯುವುದೇ ಬೇರೆ. ಪೆಗ್ (ಆಕ್ಸೆಲ್ ತುದಿಗೆ ಸಿಕ್ಕಿಸುವ ಕೊಳವೆ) ಹಾಕಿ ಕಂಬಿಯ ಮೇಲೆ ಜಾರಿಸಿದರೆ ಡ್ರಾಪೌಟಿನ ಮೇಲೆ ಪಕ್ಕದಿಂದಲೂ ಭಾರ ಬೀಳುತ್ತದೆ. ಅದಕ್ಕಾಗಿಯೇ ಆಗ 14 ಮಿಲಿಮೀಟರ್ ಆಕ್ಸೆಲ್ ಬಂತು. ಎಲ್ಲ ಹಳೆಯ ಫೋರ್ಕುಗಳೂ ಒಂದೇ ಅಲ್ಲ, ಅಷ್ಟೇ ನಾನು ಹೇಳುವುದು.

ಇನ್ನೊಂದು ಸಂಗತಿ ಆಫ್‌ಸೆಟ್. ಸ್ಟೀರರಿನ ನೇರ ಗೆರೆಯಿಂದ ಆಕ್ಸೆಲ್ ಎಷ್ಟು ಮುಂದೆ ಇದೆ ಅನ್ನುವ ಅಳತೆ ಅದು. ಹಳೆಯ ಫೋರ್ಕುಗಳಲ್ಲಿ 38 ಮಿಲಿಮೀಟರ್ ಕೂಡ ನೋಡಬಹುದು. ಈಗ ಬೀದಿ ಆಟಕ್ಕೆ 25ರ ಆಸುಪಾಸು, ರೇಸಿಗೆ 32ರ ಆಸುಪಾಸು. ಒಂದೇ ಜಾಗದಲ್ಲಿ ಸುತ್ತುತ್ತಾ ಆಡುವ ಫ್ಲಾಟ್‌ಲ್ಯಾಂಡಿಗೆ ಇನ್ನೂ ಕಡಿಮೆ, ಸೊನ್ನೆಯೂ ಇರುತ್ತದೆ. ಹೆಡ್ ಕೊಳವೆ (ಫ್ರೇಮಿನಲ್ಲಿ ಸ್ಟೀರರ್ ಕೂರುವ ಕೊಳವೆ) 74 ಡಿಗ್ರಿ, 2 ಇಂಚಿನ ಟೈರು ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, 38ರ ಆಫ್‌ಸೆಟ್ಟಿಗೆ ಟ್ರೇಲ್ (ಸ್ಟೀರರಿನ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದೆ ಇದೆ ಅನ್ನುವ ಅಳತೆ) ಸುಮಾರು 33 ಮಿಲಿಮೀಟರ್ ಬರುತ್ತದೆ, 25ಕ್ಕೆ ಸುಮಾರು 47. ಟ್ರೇಲ್ ಜಾಸ್ತಿ ಆದಷ್ಟೂ ಚಕ್ರ ತಾನಾಗಿ ನೇರವಾಗಲು ನೋಡುತ್ತದೆ. ಆದರೆ ಆಫ್‌ಸೆಟ್ ಕಡಿಮೆ ಆದಾಗ ಚಕ್ರ ಸವಾರನ ಹತ್ತಿರ ಬರುತ್ತದೆ, ಮುಂದಿನ ಚಕ್ರದ ಮೇಲೆ ನಿಂತು ಆಡುವವರಿಗೆ ಅದು ಬೇಕು. ಈಗಿನ ಫ್ರೇಮಿಗೆ ಹಳೆ ಫೋರ್ಕ್ ಹಾಕಿದರೆ ಹುಡುಗನಿಗೆ ಹ್ಯಾಂಡಲ್ ಬೇರೆ ಥರ ಅನಿಸುತ್ತದೆ. ಅದು ಅಪಾಯ ಅಲ್ಲ, ಗೊತ್ತಿರಲಿ ಅಂತ ಹೇಳಿದೆ.

ತದಡಿ_ಹುಡುಗಿ

ನಾನು ಓಡಿಸುವವಳು, ಕೂಡಿಸಿಡುವವಳಲ್ಲ. ಆದರೂ ಕೇಳುತ್ತೇನೆ. ಬಿರುಕು ಸಿಕ್ಕಿದರೆ ಸುಮ್ನೆ ಬೆಸೆದು, ಮೇಲೆ ಒಂದು ಪಟ್ಟಿ ಹಾಕಿದರೆ ಆಗುವುದಿಲ್ಲವಾ? ನಮ್ಮ ಕಡೆ ಮೀನು ಸಾಗಿಸುವ ಸೈಕಲ್ಲುಗಳಿಗೆಲ್ಲ ಹಾಗೇ ಮಾಡಿ ವರ್ಷಗಟ್ಟಲೆ ಓಡಿಸುತ್ತಾರೆ.

ವೆಲ್ಡರ್_ಅಂಕೋಲಾ

ಮೀನಿನ ಸೈಕಲ್ ದಪ್ಪ ಸಾದಾ ಉಕ್ಕು. ಅದು ಹಾರುವುದೂ ಇಲ್ಲ. ಕ್ರೋಮೋಲಿ ಬೇರೆ ತಂಗಿ. ತೆಳು ಕೊಳವೆಯ ಮೇಲೆ ಸಾಮಾನ್ಯ ರಾಡು ಬಿಟ್ಟರೆ ಬೆಸುಗೆಯ ಪಕ್ಕದ ಜಾಗ ಕೆಂಪಗೆ ಕಾಯ್ದು ಬೇಗ ತಣಿಯುತ್ತದೆ. ಆ ಜಾಗ ಗಡುಸಾಗುತ್ತದೆ, ಆದರೆ ಗಾಜಿನ ಗುಣ ಬರುತ್ತದೆ. ಬಿರುಕು ಬೆಸುಗೆಯಲ್ಲಿ ಬರುವುದಿಲ್ಲ, ಅದರ ಪಕ್ಕದಲ್ಲಿ ಬರುತ್ತದೆ. ಕಾರ್ಖಾನೆಯಲ್ಲಿ ಹದ ಮಾಡಿದ ಫೋರ್ಕ್ ಆದರೆ ಆ ಹದವೂ ಅಲ್ಲಿ ಹೋಯಿತು. ಬೆಸೆಯುವುದು ನನ್ನ ಹೊಟ್ಟೆಪಾಡು, ಆದರೂ ಸ್ಟೀರರ್ ಬಿರುಕು ಬಿಟ್ಟ ಫೋರ್ಕನ್ನು ಯಾರೇ ತಂದರೂ ನಾನು ಮುಟ್ಟುವುದಿಲ್ಲ.

ಬಾಗಿದ ಕಾಲನ್ನು ವೈಸಿಗೆ ಹಾಕಿ ನೆಟ್ಟಗೆ ಮಾಡಿ ಕೊಡುವವರೂ ಇದ್ದಾರೆ. ನೋಡಲು ನೆಟ್ಟಗಾಗುತ್ತದೆ. ಒಮ್ಮೆ ಬಾಗಿ ಮತ್ತೆ ನೆಟ್ಟಗಾದ ಜಾಗದಲ್ಲಿ ಉಕ್ಕಿನ ಆಯುಷ್ಯ ಅರ್ಧ ಅಲ್ಲೇ ಮುಗಿದಿರುತ್ತದೆ. ಗೋಡೆಗೆ ಹಾಕಲು ಆದರೆ ಸರಿ.

ಕೋಡಿಬಾಗ_ಸವಾರ, ಕಾರವಾರ

ಎಲ್ಲರಿಗೂ ಧನ್ಯವಾದ. ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಪೂರ್ತಿ ಕಂದು. ಸಲಾಕಿಯ ತುದಿಗೆ ಬಟ್ಟೆ ಸುತ್ತಿ ಉಜ್ಜಿದರೆ ಪದರ ಪದರವಾಗಿ ತುಕ್ಕು ಉದುರಿತು. ಕ್ರೌನಿನಿಂದ ಸ್ವಲ್ಪ ಮೇಲೆ ಬೆರಳಿಗೆ ಗುಳಿ ಸಿಗುತ್ತವೆ. ಸ್ಟೀರರ್ 25.4 ಮಿಲಿಮೀಟರ್. ಬಿರುಕು ಅಂತೂ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದಿದ್ದರೆ ಇಲ್ಲ ಅಂತಲಾ? ಬೇರೆ ಪರೀಕ್ಷೆ ಇದೆಯಾ?

ವೆಲ್ಡರ್_ಅಂಕೋಲಾ

ಇದೆ. ಡೈ ಪೆನೆಟ್ರಂಟ್ ಅನ್ನುತ್ತಾರೆ, ನಾವು ಬಾಯಲ್ಲಿ ಡಿಪಿ ಅನ್ನುತ್ತೇವೆ. ಹಡಗು, ಬೋಟು ರಿಪೇರಿ ಮಾಡುವ ಕಡೆ ಎಲ್ಲ ಇದನ್ನು ಬಳಸುತ್ತಾರೆ. ಮೂರು ಸ್ಪ್ರೇ ಡಬ್ಬಿ. ಮೊದಲನೆಯದರಿಂದ ಜಿಡ್ಡು ತೆಗೆಯಬೇಕು. ಎರಡನೆಯದು ಕೆಂಪು ಬಣ್ಣ, ಹೊಡೆದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು, ಅದು ಬಿರುಕಿನೊಳಗೆ ಇಳಿಯುತ್ತದೆ. ಮೇಲಿನ ಬಣ್ಣ ಒರೆಸಿ ತೆಗೆದು ಮೂರನೆಯ ಬಿಳಿ ಪುಡಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೇಲೆ ಬರುತ್ತದೆ.

ಎರಡು ಎಚ್ಚರಿಕೆ ಹೇಳುತ್ತೇನೆ. ಕ್ರೋಮಿನ ಪದರದಲ್ಲೇ ಕೂದಲೆಳೆಯಂಥ ಒಡಕು ಇರುತ್ತವೆ, ಅವೂ ಕೆಂಪು ತೋರಿಸಿ ಸುಮ್ನೆ ಹೆದರಿಸುತ್ತವೆ. ಎರಡನೆಯದು ಮುಖ್ಯ. ಮೇಲ್ಮೈಗೆ ತೆರೆದುಕೊಂಡ ಬಿರುಕನ್ನು ಮಾತ್ರ ಇದು ತೋರಿಸುತ್ತದೆ. ಕೊಳವೆಯ ಒಳಗಡೆಯಿಂದ ಹುಟ್ಟಿ ಇನ್ನೂ ಹೊರಗೆ ಬಾರದ ಬಿರುಕು ಹೊರಗೆ ಹೊಡೆದ ಬಣ್ಣಕ್ಕೆ ಸಿಗುವುದಿಲ್ಲ. ನಿಮ್ಮದರಲ್ಲಿ ಗುಳಿ ಇರುವುದೇ ಒಳಗಡೆ. ಹೊರಗಿನ ಪರೀಕ್ಷೆ ಪಾಸಾದರೂ ನಾನಾದರೆ ಮಗುವಿಗೆ ಕೊಡುವುದಿಲ್ಲ.

ಕೋಡಿಬಾಗ_ಸವಾರ, ಕಾರವಾರ

ಅರ್ಥವಾಯಿತು. ಹುಡುಗನಿಗೆ ಹೊಸ ಫೋರ್ಕ್ ತರಿಸುತ್ತೇನೆ. ಇದನ್ನು ಚೆಂದ ಮಾಡಿ ಇಟ್ಟುಕೊಳ್ಳುತ್ತೇನೆ. ಹಾಗಾದರೆ ಕ್ರೋಮ್ ಹೊಸದಾಗಿ ಮಾಡಿಸಬಹುದು ಅಲ್ವಾ? ಹುಬ್ಬಳ್ಳಿ ಕಡೆ ಬುಲೆಟ್ ಬಿಡಿಭಾಗಗಳಿಗೆ ಮಾಡುತ್ತಾರಂತೆ.

ಘಟ್ಟದ_ಮೇಲಿನವ, ಶಿರಸಿ

ಬೇಡ ಅಂತ ಕೈ ಮುಗಿದು ಹೇಳುತ್ತೇನೆ. ಕ್ರೋಮ್ ಹಾಕುವ ಮೊದಲು ಹಳೆಯದನ್ನು ಆಸಿಡ್‌ನಲ್ಲಿ ತೆಗೆಯುತ್ತಾರೆ, ಆಮೇಲೆ ಬಫ್ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಅಚ್ಚಿನ ಅಕ್ಷರ ಸವೆಯುತ್ತದೆ, ಡ್ರಾಪೌಟಿನ ಅಂಚು ದುಂಡಾಗುತ್ತದೆ, ಬೆಸುಗೆಯ ಮೇಲಿನ ಸಾಲು ಸಾಲು ಅಲೆ ಕಾಣದ ಹಾಗೆ ಆಗುತ್ತದೆ. ಮಾಡಿದವನ ಕೈ ಕಾಣುವುದು ಆ ಅಲೆಯಲ್ಲಿ. ಅದು ಹೋದ ಮೇಲೆ ಉಳಿಯುವುದು ಬರಿ ಹೊಳೆಯುವ ಕೊಳವೆ. ಎರಡು ಚುಕ್ಕೆ ತುಕ್ಕಿದ್ದರೂ ಮೂಲ ಕ್ರೋಮ್ ಇರುವ ಫೋರ್ಕಿಗೆ ಕೂಡಿಸುವವರ ಹತ್ತಿರ ಬೆಲೆ ಜಾಸ್ತಿ.

ಕುಮಟೆ_ಮೆಕ್ಯಾನಿಕಲ್

ಓಡಿಸುವ ಫೋರ್ಕಿಗೆ ಆದರೆ ಇನ್ನೂ ದೊಡ್ಡ ಕಾರಣ ಇದೆ. ಆಸಿಡ್ ತೊಟ್ಟಿಯಲ್ಲೂ ಕ್ರೋಮ್ ತೊಟ್ಟಿಯಲ್ಲೂ ಹೈಡ್ರೋಜನ್ ಹುಟ್ಟುತ್ತದೆ, ಉಕ್ಕಿನೊಳಗೆ ಸೇರುತ್ತದೆ. ಹದ ಮಾಡಿ ತುಂಬ ಗಡುಸಾಗಿಸಿದ ಉಕ್ಕು ಅದರಿಂದ ಪೆಡಸಾಗುತ್ತದೆ, ಹೊರೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಫಟ್ಟನೆ ಒಡೆಯಬಹುದು. ಅದಕ್ಕೇ ಪ್ಲೇಟಿಂಗ್ ಆದ ಕೆಲವು ತಾಸಿನೊಳಗೆ ಸುಮಾರು 190 ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಸುಗಟ್ಟಲೆ ಬೇಯಿಸಬೇಕು, ಆಗ ಹೈಡ್ರೋಜನ್ ಹೊರಗೆ ಹೋಗುತ್ತದೆ. ಬಂಪರ್, ಸೈಲೆನ್ಸರ್‌ಗೆ ಕ್ರೋಮ್ ಹಾಕುವ ಅಂಗಡಿಯಲ್ಲಿ ಈ ಬೇಯಿಸುವ ಕೆಲಸ ಮಾಡುತ್ತಾರಾ ಅಂತ ಮೊದಲು ಕೇಳಿ. ಅಲ್ಲಿನ ಮಾಲಿಗೆ ಅದರ ಅಗತ್ಯ ಇರುವುದಿಲ್ಲ.

ತದಡಿ_ಹುಡುಗಿ

ತುಕ್ಕಿನ ಚುಕ್ಕೆ ತೆಗೆಯಲು ಆಸಿಡ್ ಅಂಗಡಿಗೆ ಹೋಗಬೇಕಾಗಿಲ್ಲ. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಗೂ ಬಟ್ಟೆಯ ತುಕ್ಕಿನ ಕಲೆಗೂ ಬಿಂಬಲಕಾಯಿ ಉಜ್ಜುತ್ತಾರೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ತುಂಬಾ ಇದೆ. ಸೈಕಲ್ ತುಕ್ಕು ತೆಗೆಯಲು ಜನ ಅಂಗಡಿಯಿಂದ ತರುವ ಪುಡಿಯೂ ಆಕ್ಸಾಲಿಕ್ ಆಮ್ಲವೇ. ನಾನು ಪೆಡಲ್, ಬ್ರೇಕ್ ಲಿವರ್ ಬೋಲ್ಟುಗಳಿಗೆ ಬಿಂಬಲಕಾಯಿ ರಸ ಹಚ್ಚಿ ಇಡುತ್ತೇನೆ, ತುಕ್ಕು ಮೆತ್ತಗಾಗುತ್ತದೆ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಲೇಬೇಕು, ಹುಳಿ ಉಳಿದರೆ ಅದೇ ತಿನ್ನುತ್ತದೆ. ಕ್ರೋಮಿನ ಮೇಲಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರು ಹಚ್ಚಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ.

ವೆಲ್ಡರ್ ಅಣ್ಣ, ಒಳಗಡೆಗೆ ಏನು ಹಚ್ಚುವುದು? ಕೊಬ್ಬರಿ ಎಣ್ಣೆ ಆಗುತ್ತದಾ?

ವೆಲ್ಡರ್_ಅಂಕೋಲಾ

ಕೊಬ್ಬರಿ ಎಣ್ಣೆ ಬೇಡ. ಸ್ವಲ್ಪ ದಿನಕ್ಕೆ ಕನರುತ್ತದೆ, ಆಗ ಅದರಲ್ಲೇ ಹುಳಿ ಹುಟ್ಟುತ್ತದೆ. ಪೇಂಟ್ ಅಂಗಡಿಯಲ್ಲಿ ಕುದಿಸಿದ ಅಗಸೆ ಎಣ್ಣೆ ಸಿಗುತ್ತದೆ. ಒಳಗೆ ಸುರಿದು, ಫೋರ್ಕನ್ನು ಎಲ್ಲ ಕಡೆಗೂ ತಿರುಗಿಸಿ, ಜಾಸ್ತಿ ಆದದ್ದನ್ನು ಬಸಿದು ಒಣಗಲು ಬಿಡಿ. ತೆಳುವಾದ ಗಟ್ಟಿ ಪದರ ಆಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾಯ್ದು ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ನೆನೆಸಿ. ದಿನಾ ಓಡಿಸುವ ಸೈಕಲ್ ಆದರೆ ಸ್ಟೀರರ್ ಒಳಗೆ ಗ್ರೀಸ್ ಬಳಿದರೂ ನಡೆಯುತ್ತದೆ. ಹೊಸ ಫೋರ್ಕ್ ಬಂದ ದಿನವೇ, ಜೋಡಿಸುವ ಮೊದಲು ಮಾಡಿ. ಉಪ್ಪು ಒಳಗೆ ಹೋದ ಮೇಲೆ ಮಾಡಿದರೆ ಉಪ್ಪನ್ನೇ ಒಳಗೆ ಮುಚ್ಚಿಟ್ಟ ಹಾಗೆ ಆಗುತ್ತದೆ.

ದಂಡೆಯಲ್ಲಿ ಓಡಿಸಿ ಬಂದ ದಿನ ಸಿಹಿನೀರಿನಲ್ಲಿ ತೊಳೆದು, ಸೈಕಲ್ ತಲೆಕೆಳಗು ಮಾಡಿ, ಕಾಲಿನ ತೂತುಗಳಿಂದ ನೀರು ಇಳಿಯಲು ಬಿಡಿ. ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಫೋರ್ಕ್ ಬಿಚ್ಚಿ ಕೆಳಗಿನ ಬೇರಿಂಗ್ ಜಾಗ ಒರೆಸಿ ನೋಡಿ. ಡೌನ್ ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಕೊಳವೆ) ಮೇಲೆ, ಹೆಡ್ ಕೊಳವೆಯ ಸ್ವಲ್ಪ ಹಿಂದೆ ಬಣ್ಣ ಸುಕ್ಕು ಬಿದ್ದಿದ್ದರೆ ಎದುರಿನಿಂದ ದೊಡ್ಡ ಪೆಟ್ಟು ಬಿದ್ದಿದೆ ಅಂತ ಅರ್ಥ. ಆಗ ಫೋರ್ಕ್ ಒಂದೇ ಅಲ್ಲ, ಫ್ರೇಮೂ ಹೋಯಿತು.

ಇಪ್ಪತ್ತಿಂಚು_ಭಟ್ಕಳ

ಕೂಡಿಸುವ ವಿಷಯ ಬಂತಲ್ಲ, ನಾನೂ ಒಂದು ಕೇಳುತ್ತೇನೆ. ಮಾಮನ ಸೈಕಲ್ಲಿನ ಉಳಿದ ಸಾಮಾನು ಇನ್ನೂ ಇದೆ. ಅರಾಯಾ ರಿಮ್ಮಿನ ಒಂದು ಬಿಡಿ ಚಕ್ರ, ಡಯಾಕಾಂಪೆ ಲಿವರ್, ಶಿಮಾನೊ ಹೆಸರಿರುವ ಪೆಡಲ್. ಇವುಗಳ ಕಾಲ ಹೇಗೆ ಗೊತ್ತು ಮಾಡುವುದು? ಗೋಣಿ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇವೆ.

ಘಟ್ಟದ_ಮೇಲಿನವ, ಶಿರಸಿ

ಮೊದಲು ಗೋಣಿ ಚೀಲದಿಂದ ಹೊರಗೆ ತೆಗೆಯಿರಿ. ಗೋಣಿ ತೇವ ಹೀರಿ ಹಿಡಿದುಕೊಳ್ಳುತ್ತದೆ. ಹಾಗಂತ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೂ ಒಳಗೆ ಬೆವರುತ್ತದೆ. ತೆಳುವಾಗಿ ಮೆಷಿನ್ ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜತೆ ಇಡಿ. ನಮ್ಮ ಘಟ್ಟದ ಮೇಲೆ ಕಡಲ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಒಲೆ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿ ಇಡುವವರಿದ್ದಾರೆ. ಕಟ್ಟಿಗೆ ಹೊಗೆಯಲ್ಲೂ ಹುಳಿ ಇದೆ, ಅಡಿಕೆಗೆ ಸರಿ, ಕ್ರೋಮಿಗೆ ಅಲ್ಲ.

ಶಿಮಾನೊದ ಹಳೆ ಸಾಮಾನಿನ ಹಿಂದೆ ಎರಡು ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲ ಅಕ್ಷರ ವರ್ಷ, ಎ ಅಂದರೆ 1976, ಬಿ ಅಂದರೆ 1977, ಹಾಗೇ ಮುಂದೆ. ಎರಡನೆಯದು ತಿಂಗಳು, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಜಿ ಮತ್ತು ಸಿ ಇದ್ದರೆ 1982ರ ಮಾರ್ಚ್. ಪೆಡಲ್ ಆದರೆ ಲೆನ್ಸ್ ಹಿಡಿದು ಹುಡುಕಿ.

ಅರಾಯಾ ರಿಮ್ ನೋಡುವಾಗ ಟೈರಿನ ಅಳತೆ ಗಮನಿಸಿ. 20 ಇಂಚು ಅಂತ ಬರೆದದ್ದೆಲ್ಲ ಒಂದೇ ಅಲ್ಲ. 20 ಗುಣಿಸು 1.75 ಅಂದರೆ ರಿಮ್ 406 ಮಿಲಿಮೀಟರ್. ಅದೇ 20 ಗುಣಿಸು ಒಂದೂ ಮೂರೆಂಟಾಂಶ ಅಂತ ಭಿನ್ನರಾಶಿಯಲ್ಲಿ ಇದ್ದರೆ 451. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ, ಎಷ್ಟು ಎಳೆದರೂ.

ನೈಲಾನ್ ಚಕ್ರ ಸ್ಕೈವೇ ಕಂಪನಿಯ ಟಫ್ ವೀಲ್ ಆಗಿದ್ದರೆ ಮೇಲೆ ಹೆಸರು ಇರುತ್ತದೆ. ಅದನ್ನು ಈಗಲೂ ಮಾಡುತ್ತಾರೆ. ಹಾಗಾಗಿ ಹೊಸದಾ, ಹಳೆಯದಾ ಅಂತ ನೋಡದೆ ದುಡ್ಡು ಕೊಡಬೇಡಿ.

ತದಡಿ_ಹುಡುಗಿ

ಒಂದು ಮಾತು ಹೇಳಲಾ? ಎಲ್ಲ ಹಳೆಯದೂ ಡಬ್ಬಿಗೆ, ಗೋಡೆಗೆ ಹೋದರೆ ನಮ್ಮ ಕಡೆ ಓಡಿಸುವವರಿಗೆ ಏನು ಉಳಿಯುತ್ತದೆ? ಹೊಸದು ತರಿಸಲು ಎಲ್ಲರ ಹತ್ತಿರ ದುಡ್ಡು ಇರುವುದಿಲ್ಲ. ಬಿಎಂಎಕ್ಸ್ ರೇಸ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಬಂತು, ಫ್ರೀಸ್ಟೈಲ್ ಟೋಕಿಯೊದಲ್ಲಿ ಬಂತು. ನಮ್ಮ ಜಿಲ್ಲೆಯಲ್ಲಿ ಆಡುವ ಹುಡುಗ ಹುಡುಗಿಯರಿಗೆ ಹಳೆ ಸಾಮಾನೇ ಆಧಾರ.

ವೆಲ್ಡರ್_ಅಂಕೋಲಾ

ತಂಗಿ, ಹಬ್ಬು, ಪೆಡಲ್, ಸೀಟು, ಹಿಂದಿನ ಚಕ್ರ ಎಲ್ಲ ಹಳೆಯದು ಹಾಕು. ಅವು ಕೆಟ್ಟರೆ ಸೈಕಲ್ ನಿಲ್ಲುತ್ತದೆ. ಫೋರ್ಕ್, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ತುಂಡು), ಹ್ಯಾಂಡಲ್ ಈ ಮೂರು ಮಾತ್ರ ಒಳಗೆ ನೋಡಿ ಖಾತ್ರಿ ಆಗದೆ ಹಾಕಬೇಡ. ಇವು ಮುರಿದರೆ ಮೊದಲು ನೆಲಕ್ಕೆ ಬಡಿಯುವುದು ಮುಖ. ದುಡ್ಡು ಕಡಿಮೆ ಇದ್ದರೆ ಇರುವ ದುಡ್ಡನ್ನು ಈ ಮೂರಕ್ಕೆ ಇಡು. ಒಳಗೆ ಚೊಕ್ಕಟ ಇರುವ ಹಳೆ ಫೋರ್ಕ್ ಸಿಕ್ಕಿದರೆ ತಂದು ತೋರಿಸು, ಡಿಪಿ ನಾನು ಮಾಡಿ ಕೊಡುತ್ತೇನೆ, ದುಡ್ಡು ಬೇಡ.

ಕೋಡಿಬಾಗ_ಸವಾರ, ಕಾರವಾರ

ಕೊನೆಯ ಪ್ರಶ್ನೆ. ಹಳೆ ಫೋರ್ಕನ್ನು ಒಂದು ಹಳೆ ಫ್ರೇಮಿಗೆ ಹಾಕಿ ಪೂರ್ತಿ ಸೈಕಲ್ಲಾಗಿ ನಿಲ್ಲಿಸೋಣ ಅಂತ ಇದ್ದೇನೆ, ಓಡಿಸಲು ಅಲ್ಲ. ಇಲ್ಲಿನ ಅಂಗಡಿಯ ಸ್ಟೆಮ್ ಸ್ಟೀರರ್ ಒಳಗೆ ಇಳಿಯುತ್ತಲೇ ಇಲ್ಲ. ಒಂದು ಇಂಚಿನದೇ ಅಲ್ವಾ ಎರಡೂ?

ಘಟ್ಟದ_ಮೇಲಿನವ, ಶಿರಸಿ

ಸ್ಟೀರರ್ ಹೊರಗೆ ಒಂದು ಇಂಚು, ಒಳಗಿನ ಅಳತೆ ಎರಡು ಥರ ಇದೆ. ಸಾಮಾನ್ಯ ಸೈಕಲ್ಲಿನ ಸ್ಟೆಮ್ 22.2 ಮಿಲಿಮೀಟರ್. ಅಮೆರಿಕದ ಹಳೆ ಬಿಎಂಎಕ್ಸ್ ಮಾದರಿಗೆ 21.1 ಬೇಕು. ಸುತ್ತಿಗೆಯಲ್ಲಿ ಬಡಿದು ಇಳಿಸಬೇಡಿ, ಸ್ಟೀರರ್ ಉಬ್ಬುತ್ತದೆ, ಥ್ರೆಡ್ ಹೋಗುತ್ತದೆ. ಸ್ಟೆಮ್ಮಿಗೆ ಉಪ್ಪು ಕಾಗದ ಹಾಕಿ ಸಣ್ಣ ಮಾಡುವುದೂ ಬೇಡ. ಹೆಡ್‌ಸೆಟ್ ಕಪ್ ಕೂಡ ನೋಡಿಕೊಳ್ಳಿ, ಆ ಮಾದರಿಯ ಫ್ರೇಮಿಗೆ 32.7 ಮಿಲಿಮೀಟರಿನ ಕಪ್, ಸಾಮಾನ್ಯದ್ದು 30.2. ಕ್ರೌನ್ ಬಳೆ 26.4. ವರ್ನಿಯರ್ ಹಿಡಿದು ಮೂರೂ ಅಳೆದು ಇಲ್ಲಿ ಹಾಕಿ. ನನ್ನ ಡಬ್ಬಿಯಲ್ಲಿ 21.1ರ ಸ್ಟೆಮ್ ಒಂದು ಇದೆ, ಹೊಂದಿದರೆ ಕಾರವಾರದ ಬಸ್ಸಿನಲ್ಲಿ ಕಳಿಸುತ್ತೇನೆ.